ಮೊಮ್ಮಗಳು ತಿದ್ದಿದ ಮನವಿ

ಮನೆಯೊಳಗಿನ ಮಾತನ್ನು ಪತ್ರಿಕೆಯ ಪುಟಕ್ಕೆ ತರುವುದು ಉಚಿತವೇ ಎಂದು ನಾವು ಬಹಳ ದಿನ ಅನುಮಾನಿಸಿದೆವು. ಆದರೆ ಈಚೆಗೆ ಮದುವೆಯೊಂದರ ಪಂಕ್ತಿಯಲ್ಲಿ ಜೇವರ್ಗಿ ಕಡೆಯ ತಂದೆಯೊಬ್ಬರು ನಮ್ಮ ಪಕ್ಕದಲ್ಲಿ ಬಂದು ಕುಳಿತರು. ದೆಹಲಿಯಲ್ಲಿ ಸಂಸತ್ ಸದಸ್ಯರೊಬ್ಬರ ಬಳಿ ಇದ್ದು ಟಿಪ್ಪಣಿ ಬರೆದುಕೊಡುವ ಕೆಲಸಕ್ಕೆ ಅರ್ಜಿ ಹಾಕುತ್ತೇನೆಂದು ಅವರ ಮಗ ಹಟ ಹಿಡಿದಿದ್ದಾನಂತೆ. “ಅದು ನೌಕರಿಯೂ ಅಲ್ಲ, ಓದೂ ಅಲ್ಲ. ಕಳಸಬೇಕೋ ಬ್ಯಾಡೋ ಹೇಳ್ರಿ ಮಾಸ್ತರ” ಎಂದರು. 2022ರ ಬೇಸಿಗೆಯಲ್ಲಿ ಇದೇ ಪ್ರಶ್ನೆ ನಮ್ಮ ಮನೆಯ ಕಟ್ಟೆಯ ಮೇಲೂ ಬಂದು ಕುಳಿತಿತ್ತು. ಅಂದು ನಾವು ಕೊಟ್ಟ ಉತ್ತರ ತಪ್ಪಾಗಿತ್ತು. ಪಂಕ್ತಿಯಲ್ಲಿ ಅಷ್ಟನ್ನೇ ಹೇಳಿ ಎದ್ದೆವು. ಇಲ್ಲಿ ಸ್ವಲ್ಪ ವಿಸ್ತಾರವಾಗಿ ನಿವೇದಿಸುತ್ತೇವೆ.

ನಾವು ಆಳಂದ ತಾಲ್ಲೂಕಿನ ಹಳ್ಳಿಯವರು. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿ, ಮುಖ್ಯಾಧ್ಯಾಪಕರಾಗಿ ನಿವೃತ್ತರಾದವರು. ಊರವರು ನಮ್ಮನ್ನು ನೆನೆಯುವುದು ಪಾಠಕ್ಕಿಂತ ಮನವಿ ಪತ್ರಗಳಿಗಾಗಿ. ರಸ್ತೆ ಬೇಕೆಂದರೂ, ಬಸ್ಸು ಬೇಕೆಂದರೂ, ತೊಗರಿಗೆ ಬೆಲೆ ಬೇಕೆಂದರೂ ಮನವಿಯ ಒಕ್ಕಣೆ ನಮ್ಮದು. “ಕಡುಬಡತನದ ಬೇಗೆಯಲ್ಲಿ ಬೆಂದು ಬಸವಳಿದ” ಎಂದು ಆರಂಭಿಸಿದರೆ “ಕಣ್ಣೀರಿನಲ್ಲಿ ಕೈ ತೊಳೆಯುತ್ತಿರುವ ರೈತಾಪಿ ಜನತೆ” ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಒಂದೇ ಮನವಿಗೆ ಒಂಬತ್ತು ಪ್ರತಿ: ಪ್ರಧಾನಮಂತ್ರಿಗಳಿಗೆ, ಮುಖ್ಯಮಂತ್ರಿಗಳಿಗೆ, ಜಿಲ್ಲಾಧಿಕಾರಿಗಳಿಗೆ, ಕಡೆಗೆ ತಹಶೀಲ್ದಾರರಿಗೆ. ಉತ್ತರ ಬಂದದ್ದು ವಿರಳ. ಬಂದರೂ “ಸೂಕ್ತ ಕ್ರಮಕ್ಕಾಗಿ ರವಾನಿಸಲಾಗಿದೆ” ಎಂಬ ಒಂದು ಸಾಲು. ಆ ಸಾಲನ್ನೂ ನಾವು ಕಡತದಲ್ಲಿ ಜೋಪಾನವಾಗಿ ಇಟ್ಟಿದ್ದೇವೆ.

ನಮ್ಮ ಮಗನ ಹಿರಿಯ ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವಳು. ಮುಂದೆ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿದಳು. ನಮ್ಮ ತಾಲ್ಲೂಕಿನ ಹೊಲಗಳ ನಡುವೆ ಆ ವಿಶ್ವವಿದ್ಯಾಲಯ ಎದ್ದು ನಿಂತದ್ದು ಸಂಸತ್ತು 2009ರಲ್ಲಿ ಮಾಡಿದ ಒಂದು ಕಾಯ್ದೆಯಿಂದ. ದಿನವೂ ಅದರ ಮುಂದಿನಿಂದ ಬಸ್ಸಿನಲ್ಲಿ ಹಾದು ಹೋಗುವ ನಮಗೆ ಈ ಸಂಗತಿ ಒಮ್ಮೆಯೂ ಹೊಳೆದಿರಲಿಲ್ಲ. ಎಂ.ಎ. ಮುಗಿಯುತ್ತಿದ್ದಂತೆ ಅವಳಿಗೆ ದೆಹಲಿಯಿಂದ ಆಯ್ಕೆಯ ಪತ್ರ ಬಂದಿತು.

ಅದು ಏನೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. ನಮ್ಮ ಸಂಸತ್ ಸದಸ್ಯರಿಗೆ ಆಪ್ತ ಸಹಾಯಕರಿರುತ್ತಾರೆ, ಆದರೆ ಮಸೂದೆಗಳನ್ನು ಓದಿ, ಅಂಕಿಸಂಖ್ಯೆ ಹುಡುಕಿ, ಸಾರ ತೆಗೆದುಕೊಡುವ ಸಂಶೋಧಕರು ಸಾಮಾನ್ಯವಾಗಿ ಇರುವುದಿಲ್ಲ. ಸಂಸತ್ತಿನ ಗ್ರಂಥಾಲಯ ಮತ್ತು ಅದರ ಸಂಶೋಧನಾ ವಿಭಾಗ ಎಲ್ಲ ಸದಸ್ಯರಿಗೂ ಸೇರಿ ಇರುವಂಥವು. ಈ ಕೊರತೆಯನ್ನು ಕಂಡು 2005ರಲ್ಲಿ ಪಿ.ಆರ್.ಎಸ್. ಲೆಜಿಸ್ಲೇಟಿವ್ ರಿಸರ್ಚ್ ಎಂಬ ಸಂಸ್ಥೆ ಹುಟ್ಟಿತು. ಮಸೂದೆಯೊಂದರ ಸಾರವನ್ನೂ ಅದರ ಮೇಲೆ ಏಳಬಹುದಾದ ಪ್ರಶ್ನೆಗಳನ್ನೂ ಕೆಲವೇ ಪುಟಗಳಲ್ಲಿ, ಪಕ್ಷ ವಹಿಸದೆ ಬರೆದು ಎಲ್ಲ ಸದಸ್ಯರಿಗೂ ತಲುಪಿಸುವುದು ಅದರ ಕೆಲಸ. ಅದೇ ಸಂಸ್ಥೆ 2010ರಿಂದ ‘ಲ್ಯಾಂಪ್’ ಎಂಬ ಫೆಲೋಶಿಪ್ ನಡೆಸುತ್ತ ಬಂದಿದೆ. ಯಾವುದೇ ವಿಷಯದಲ್ಲಿ ಪದವಿ ಪಡೆದ, ಇಪ್ಪತ್ತೈದು ದಾಟದ ತರುಣ ತರುಣಿಯರನ್ನು ಆರಿಸಿ, ತರಬೇತಿ ಕೊಟ್ಟು, ಒಬ್ಬೊಬ್ಬರನ್ನು ಒಬ್ಬೊಬ್ಬ ಸಂಸತ್ ಸದಸ್ಯರ ಜೊತೆಗೆ ಕಳಿಸುತ್ತಾರೆ. ಮುಂಗಾರು ಅಧಿವೇಶನಕ್ಕೆ ಮೊದಲುಗೊಂಡು ಬಜೆಟ್ ಅಧಿವೇಶನ ಮುಗಿಯುವವರೆಗೆ ಕೆಲಸ. ಸದಸ್ಯರು ಯಾವ ಪಕ್ಷದವರೂ ಆಗಬಹುದು, ಯಾವ ರಾಜ್ಯದವರೂ ಆಗಬಹುದು. ಗೌರವಧನ ಆಗ ತಿಂಗಳಿಗೆ ಇಪ್ಪತ್ತು ಸಾವಿರದ ಆಸುಪಾಸು. ಕಾಲೇಜಿನಲ್ಲಿರುವವರಿಗೆ ಇದಕ್ಕಿಂತ ಅಲ್ಪಾವಧಿಯ ಇಂಟರ್ನ್‌ಶಿಪ್‌ಗಳೂ ಇವೆ. ಲೋಕಸಭಾ ಸಚಿವಾಲಯದ ತರಬೇತಿ ಸಂಸ್ಥೆಯೂ ಅಂಥವನ್ನು ನಡೆಸಿದೆ.

ಪತ್ರವನ್ನು ಅವಳು ನಮ್ಮ ಕೈಗೆ ಕೊಟ್ಟಳು. ಅದೇ ವಾರ ಅವಳಿಗೊಂದು ಸಂಬಂಧ ಕೂಡಿಬಂದಿತ್ತು. ಹುಡುಗ ಎಂಜಿನಿಯರ್, ಮನೆತನ ಒಳ್ಳೆಯದು, ಶ್ರಾವಣ ಕಳೆದ ಮೇಲೆ ನಿಶ್ಚಯ ಎಂಬಲ್ಲಿಗೆ ಮಾತು ಮುಟ್ಟಿತ್ತು. ಒಂದು ವರ್ಷ ತಡೆಯಿರೆಂದು ಕೇಳಿಸಿದೆವು. ತಡೆಯಲಾಗದೆಂದರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಆಗ ಮನೆಯ ಹಿರಿಯರಾದ ನಾವು, “ಬೇಡ. ಕೆ.ಎ.ಎಸ್. ಪರೀಕ್ಷೆಗೆ ಓದುವುದಾದರೆ ಧಾರವಾಡಕ್ಕೆ ಕಳಿಸೋಣ, ಮದುವೆಯಾದ ಮೇಲೂ ಓದಬಹುದು. ಯಾರದೋ ಭಾಷಣ ಬರೆದುಕೊಡಲು ದೆಹಲಿಗೆ ಹೋಗುವುದು ಬೇಡ” ಎಂದು ತೀರ್ಪು ಕೊಟ್ಟೆವು. ಎಂದೂ ನಮಗೆ ಎದುರಾಡದ ಮಗ ಅಂದು ಮಾತ್ರ, “ಅಪ್ಪಾರೆ, ನೀವು ಜೀವನದುದ್ದಕ್ಕೂ ದಿಲ್ಲಿಗೆ ಕಾಗದ ಬರದ್ರಿ. ಒಬ್ಬಾಕಿ ಹೋಗಿ ಆ ಕಾಗದ ಅಲ್ಲಿ ಏನಾಗ್ತಾವ ನೋಡ್ಕೊಂಡು ಬರಲಿ” ಎಂದನು. ಅವಳು ಹೋದಳು. ಸಂಬಂಧ ಮುರಿಯಿತು. ಮನೆಯಲ್ಲಿ ಕೆಲವು ವಾರ ಊಟಕ್ಕೆ ಬಡಿಸುವಾಗಲೂ ಮಾತಿರಲಿಲ್ಲ.

ಹೊರಡುವ ಹಿಂದಿನ ದಿನ ಬಂಧುಬಳಗ ಕೂಡಿತ್ತು. ಮೊಮ್ಮಗಳು ಪಾರ್ಲಿಮೆಂಟಿಗೆ ಹೋಗುತ್ತಾಳೆಂದು ಸುದ್ದಿಯಾಗಿ, ಪ್ರತಿಯೊಬ್ಬರ ಕಿಸೆಯಲ್ಲೂ ಒಂದೊಂದು ಅರ್ಜಿ. ಆಳಂದದವರಿಗೆ ರೈಲು ಬೇಕು. ಕಲಬುರಗಿ–ಬೀದರ ಮಾರ್ಗವೇ 2017ರಲ್ಲಿ ಮುಗಿಯಿತು, ನಮ್ಮ ಊರ ಹೆಸರು ಇನ್ನೂ ಬೇಡಿಕೆಯ ಪಟ್ಟಿಯಲ್ಲಿಯೇ ಇದೆ. ನಮ್ಮ ಮಗಳನ್ನು ಕೊಟ್ಟ ಮನೆ ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ತೀರದಲ್ಲಿ. ಬೇಸಿಗೆಯಲ್ಲಿ ಹೊಳೆ ಬತ್ತುತ್ತದೆ, ಉಜನಿ ಜಲಾಶಯದಿಂದ ನೀರು ಬಿಡಿಸಬೇಕೆಂಬುದು ಅಳಿಯಂದಿರ ಅಹವಾಲು. ಜೇವರ್ಗಿಯ ಬೀಗರದು ಇದಕ್ಕೆ ವಿರುದ್ಧ: ಅದೇ ಹೊಳೆ 2020ರ ಅಕ್ಟೋಬರಿನಲ್ಲಿ ಉಕ್ಕಿ ಮನೆ ಹೊಲಗಳನ್ನು ನುಂಗಿತ್ತು, ಅದರ ಪರಿಹಾರದ ತಕರಾರು ಅವರದು. ಒಂದೇ ನದಿಯ ನೀರು ಒಬ್ಬರಿಗೆ ಕಡಿಮೆ, ಇನ್ನೊಬ್ಬರಿಗೆ ಹೆಚ್ಚು. ಅವಳು ನಗದೆ, ಬೇಸರಿಸದೆ ಎಲ್ಲವನ್ನೂ ನೋಟುಪುಸ್ತಕದಲ್ಲಿ ಬರೆದುಕೊಂಡಳು.

ಆ ಪುಸ್ತಕಕ್ಕೆ ಉತ್ತರಗಳು ಫೋನಿನಲ್ಲಿ ಒಂದೊಂದಾಗಿ ಬಂದವು. ಆಳಂದ ಕಲಬುರಗಿ ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಬೀದರ ಕ್ಷೇತ್ರಕ್ಕೆ ಸೇರಿದ್ದು, ಅಫಜಲಪುರ ಜೇವರ್ಗಿಗಳು ಕಲಬುರಗಿ ಕ್ಷೇತ್ರಕ್ಕೆ. ಆದ್ದರಿಂದ ಮೂರು ತಾಲ್ಲೂಕಿನ ಒಂದೇ ಮಾತನ್ನು ಇಬ್ಬರು ಸದಸ್ಯರಿಗೆ ಹೇಳಬೇಕು. ಭೀಮೆಯ ವಿಷಯದಲ್ಲಿ ಬಚಾವತ್ ನ್ಯಾಯಾಧಿಕರಣದ ತೀರ್ಪಿದೆ. ನದಿಯ ಮುಖ್ಯ ಹರಿವಿನಿಂದ ಕರ್ನಾಟಕ ವರ್ಷಕ್ಕೆ 15 ಟಿ.ಎಂ.ಸಿ. ಅಡಿಗಿಂತ ಹೆಚ್ಚು ಬಳಸುವಂತಿಲ್ಲ ಎಂದು ಅದರಲ್ಲಿ ಬರೆದಿದೆ. ಹಾಗಾಗಿ “ನೀರು ಬಿಡಿಸಿ” ಎಂಬ ಎರಡು ಪದಗಳಲ್ಲಿ ಅದು ಮುಗಿಯುವ ಮಾತಲ್ಲ. ಅಳಿಯಂದಿರು ಇದನ್ನು ಕೇಳಿ, ಕೆಲಸ ಆಗುವುದಿಲ್ಲ ಎನ್ನುವುದಕ್ಕೆ ದಿಲ್ಲಿಗೆ ಯಾಕೆ ಹೋಗಬೇಕಿತ್ತು ಎಂದರು. ಆಗ ನಮಗೂ ಹಾಗೆಯೇ ಅನ್ನಿಸಿತ್ತೆಂದು ಒಪ್ಪಿಕೊಳ್ಳುತ್ತೇವೆ.

ಮೊದಲ ತಿಂಗಳುಗಳು ಅವಳಿಗೆ ಸುಲಭವಾಗಿರಲಿಲ್ಲ. ಟಿಪ್ಪಣಿ ಎರಡು ಪುಟ ಮೀರುವಂತಿಲ್ಲ. ಸದಸ್ಯರು ಅದನ್ನು ಮನೆಯಿಂದ ಸಂಸತ್ ಭವನಕ್ಕೆ ಹೋಗುವ ಕಾರಿನಲ್ಲಿ ಓದುವವರು. ಹೇಳಬೇಕಾದದ್ದು ಮೊದಲ ಪ್ಯಾರಾದಲ್ಲಿಯೇ ಬರಬೇಕು. ಪ್ರತಿಯೊಂದು ಅಂಕಿಯ ಮುಂದೆ ಅದು ಎಲ್ಲಿಂದ ಬಂದಿತೆಂದು ಬರೆಯಬೇಕು. ಎದುರು ಪಕ್ಷದ ವಾದವನ್ನೂ, ಮಂತ್ರಿಗಳು ಏನು ಉತ್ತರ ಹೇಳಬಹುದು, ಹೇಳಿದರೆ ಮುಂದೆ ಕೇಳಬೇಕಾದ ಉಪಪ್ರಶ್ನೆ ಯಾವುದು ಎಂಬುದನ್ನೂ ಕಾಣಿಸಬೇಕು. ಎಲ್ಲವೂ ಇಂಗ್ಲಿಷಿನಲ್ಲಿ. ಅವಳ ಮೊದಲ ಟಿಪ್ಪಣಿಗಳು ಕೆಂಪು ಗೀಟಿನಿಂದ ತುಂಬಿ ಹಿಂದಿರುಗಿದವು. ಅವಳು ಕುಂದಿದ್ದು ವ್ಯಾಕರಣದ ತಪ್ಪಿಗಲ್ಲ. “ಅತ್ಯಂತ”, “ತೀವ್ರ”, “ಶೋಚನೀಯ” ಎಂಬ ಪದಗಳು ಬಂದಲ್ಲೆಲ್ಲ ಅಂಚಿನಲ್ಲಿ “ಎಷ್ಟು?” ಎಂದು ಬರೆದಿರುತ್ತಿದ್ದರಂತೆ. ಆ ಪದಗಳನ್ನು ಅವಳು ಕಲಿತದ್ದು ಯಾರಿಂದ ಎಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ನಡುವೆ ನಮಗೂ ಅವಳಿಗೂ ಒಂದು ಕಲಹ ಹತ್ತಿತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ತಂದ 371(ಜೆ) ವಿಧಿಯನ್ನು ಸೇರಿಸಿದ್ದು ಸಂವಿಧಾನದ 98ನೆಯ ತಿದ್ದುಪಡಿ ಎಂದು ನಾವು ಮಕ್ಕಳಿಗೆ ಕಂಠಪಾಠ ಮಾಡಿಸಿದವರು. ಅವಳು ಫೋನಿನಲ್ಲಿ 118ನೆಯದು ಎಂದಳು. ಎರಡು ದಿನ ವಾದ ನಡೆಯಿತು. ಕಡೆಗೆ ಇಬ್ಬರೂ ಸರಿ ಎಂದು ತಿಳಿಯಿತು: 2012ರಲ್ಲಿ ಮಂಡಿಸಿದಾಗ ಅದು 118ನೆಯ ತಿದ್ದುಪಡಿ ಮಸೂದೆ, ಆ ಡಿಸೆಂಬರಿನಲ್ಲಿ ಅಂಗೀಕಾರವಾಗಿ ಕಾಯ್ದೆಯಾದಾಗ 98ನೆಯದು. ಮಂಡಿತವಾದ ಮಸೂದೆಗಳೆಲ್ಲ ಕಾಯ್ದೆಯಾಗುವುದಿಲ್ಲವಾದ್ದರಿಂದ ಸಂಖ್ಯೆ ಹೀಗೆ ಹಿಂದೆ ಸರಿಯುತ್ತದೆ. ಆಂಧ್ರದವರಿಗೆ ಇಂಥದೇ 371(ಡಿ) ದೊರೆತದ್ದು 1973ರ ತಿದ್ದುಪಡಿಯಿಂದ. ನಮಗೆ ದೊರೆಯಲು ಮತ್ತೆ ನಲವತ್ತು ವರ್ಷ ಬೇಕಾಯಿತು. ಇಂದು ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70, ರಾಜ್ಯದ ಉಳಿದೆಡೆ ಶೇಕಡಾ 8 ಸೀಟುಗಳು ನಮ್ಮ ಮಕ್ಕಳಿಗೆಂದು ಮೀಸಲಿರುವುದು ಇದರಿಂದ. ವೈಜನಾಥ ಪಾಟೀಲರಂಥವರು ಬೀದಿಯಲ್ಲಿ ಹೋರಾಡಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದರೆ ಬೀದಿಯ ಕೂಗು ಮಸೂದೆಯ ವಾಕ್ಯವಾಗುವ ನಡುವೆ ಎಷ್ಟು ಮಂದಿ ಕುಳಿತು ಬರೆದಿರಬೇಕು, ತಿದ್ದಿರಬೇಕು ಎಂಬುದನ್ನು ನಾವು ಯೋಚಿಸಿದ್ದು ಆ ಕಲಹದ ನಂತರವೇ. 2002ರ ಡಾ. ನಂಜುಂಡಪ್ಪ ಸಮಿತಿಯ ವರದಿಯೂ ಅಂತಹುದೇ. ನಾವು ಜನ್ಮವಿಡೀ “ಅತ್ಯಂತ ಹಿಂದುಳಿದ” ಎಂದು ಬರೆದೆವು. ಅವರು 35 ಸೂಚಕಗಳನ್ನಿಟ್ಟು 175 ತಾಲ್ಲೂಕುಗಳನ್ನು ಅಳೆದು, 39 ತಾಲ್ಲೂಕುಗಳನ್ನು ಆ ಹೆಸರಿನಿಂದ ಕರೆದರು. ನಮ್ಮ ಮೂರೂ ತಾಲ್ಲೂಕುಗಳು ಆ ಪಟ್ಟಿಯಲ್ಲಿವೆ. ಪದ ಅದೇ. ಅವರದನ್ನು ಸರ್ಕಾರ ತಳ್ಳಿಹಾಕಲಾಗಲಿಲ್ಲ.

ಇನ್ನು ತೊಗರಿಯ ಮಾತು. 2022ರ ಮುಂಗಾರಿನ ಬೆಳೆ ಹೂ ಕಾಯಿ ಕಟ್ಟುವ ಹೊತ್ತಿಗೆ ನೆಟೆ ರೋಗಕ್ಕೆ ತುತ್ತಾಯಿತು. ಹಸಿರಾಗಿದ್ದ ಗಿಡ ನಿಂತಲ್ಲೇ ಒಣಗಿ ಕಡ್ಡಿಯಾಗುವುದನ್ನು ಕಂಡವರೇ ಬಲ್ಲರು. ನಾವು ಕೂಡಲೇ ಮನವಿ ಬರೆದು, ಈ ಸಲ ಒಂಬತ್ತರ ಜೊತೆಗೆ ಹತ್ತನೆಯ ಪ್ರತಿಯನ್ನು ಮೊಮ್ಮಗಳಿಗೆ ಕಳಿಸಿದೆವು. ಅವಳ ಸದಸ್ಯರು ಬೇರೆ ರಾಜ್ಯದವರಾದರೂ ಅವರ ಜಿಲ್ಲೆಯಲ್ಲಿಯೂ ತೊಗರಿ ಇತ್ತು. ಅವರನ್ನು ಕೇಳಿ, ಒಪ್ಪಿಗೆ ಪಡೆದು, ಅವಳು ನಮಗೆ ಫೋನು ಮಾಡಿದಳು. “ಮುತ್ಯಾ, ಕಣ್ಣೀರು ಬ್ಯಾಡ್ರಿ, ಎಕರೆ ಹೇಳ್ರಿ” ಎಂದಳು.

ನಮಗೆ ಸಿಟ್ಟು ಬಂದಿತು. ಆ ರಾತ್ರಿ ನಿದ್ರೆ ಬರಲಿಲ್ಲ. ಬೆಳಗಾದ ಮೇಲೆ ಪಕ್ಕದ ಮನೆಯ ಹುಡುಗನನ್ನು ಕರೆದುಕೊಂಡು, ನೋಟುಪುಸ್ತಕ ಹಿಡಿದು ಹೊಲಗಳಿಗೆ ನಡೆದೆವು. ಎಂಟು ದಿನ ತಿರುಗಿ ನಲವತ್ತಕ್ಕೂ ಹೆಚ್ಚು ಹೊಲ ನೋಡಿದೆವು. ಎಷ್ಟು ಎಕರೆ ಬಿತ್ತನೆ, ಟಿ.ಎಸ್. 3 ಆರ್ ತಳಿಯೋ ಬೇರೆಯೋ, ಹಿಂದಿನ ವರ್ಷ ಅದೇ ಹೊಲದಲ್ಲಿ ಏನಿತ್ತು, ಒಂದು ಸಾಲಿನಲ್ಲಿ ಎಷ್ಟು ಗಿಡ ಒಣಗಿವೆ, ಬೆಳೆ ವಿಮೆ ತುಂಬಿದ್ದಾರೆಯೇ, ಎಲ್ಲವನ್ನೂ ಬರೆದುಕೊಂಡೆವು. ವರ್ಷ ಬಿಟ್ಟು ವರ್ಷ ಜೋಳ ಹಾಕಿದವರ ಹೊಲದಲ್ಲಿ ನಷ್ಟ ಕಡಿಮೆ ಇತ್ತು. ತೊಗರಿಯ ಮೇಲೆ ತೊಗರಿ ಬಿತ್ತಿದವರಲ್ಲಿ ಹೆಚ್ಚು. ವಿಮೆ ತುಂಬಿದವರು ನಾವೆಣಿಸಿದ್ದಕ್ಕಿಂತ ಕಡಿಮೆ. ಇಷ್ಟು ವರ್ಷ ಇದೇ ರೈತರ ಪರವಾಗಿ ಬರೆದ ನಮಗೆ ಇವುಗಳಲ್ಲಿ ಒಂದೂ ಗೊತ್ತಿರಲಿಲ್ಲ.

ಕಷ್ಟವಾದದ್ದು ಬೇರೊಂದು. ನಮ್ಮ ಓಣಿಯ ಹಿರಿಯರೊಬ್ಬರು ತಮ್ಮ ಬೆಳೆ ಪೂರ್ತಿ ಹೋಯಿತೆಂದು ಬರೆಯಲು ಹೇಳಿದರು. ಎಣಿಸಿದಾಗ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೋಗಿತ್ತು. ನಾವು ಎಣಿಸಿದ್ದನ್ನೇ ಬರೆದೆವು. “ಸರ್ಕಾರದವರು ಕಡಿಮೆ ಬರೀತಾರ, ನೀವೂ ಹಂಗೇ ಬರದ್ರ ನಾವು ಯಾರ ಹಂತ್ಯಾಕ ಹೋಗಬೇಕ್ರಿ?” ಎಂದರು ಅವರು. ಮಾತಿಗೆ ಉತ್ತರವಿರಲಿಲ್ಲ. ಬಾಲ್ಯದಿಂದ ಜೊತೆಗೆ ಬೆಳೆದ ಅವರು ಆ ವರ್ಷ ಸಂಕ್ರಾಂತಿಗೆ ನಮ್ಮ ಮನೆಯ ಎಳ್ಳುಬೆಲ್ಲ ತೆಗೆದುಕೊಳ್ಳಲಿಲ್ಲ. ಮೊಮ್ಮಗಳಿಗೆ ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದು, “ಒಂದು ಹೊಲದ ಲೆಕ್ಕ ಸುಳ್ಳಾದ್ರ ನಲವತ್ತು ಹೊಲದ್ದೂ ಸುಳ್ಳು ಅಂತಾರ ಮುತ್ಯಾ” ಎಂದಳು.

ಅವಳ ಟಿಪ್ಪಣಿಯನ್ನು ಮಗ ಕನ್ನಡದಲ್ಲಿ ಓದಿ ಹೇಳಿದನು. ನಾವು ದೆಹಲಿಯನ್ನು ಕೇಳಿದ್ದು ರೋಗವನ್ನು ತಡೆಯಿರೆಂದು. ಸಸ್ಯರೋಗಗಳ ತಡೆ ಸಂವಿಧಾನದ ರಾಜ್ಯಪಟ್ಟಿಯ 14ನೆಯ ನಮೂದಿನಲ್ಲಿದೆ, ಅದು ಬೆಂಗಳೂರಿನ ಹೊಣೆ. ದೆಹಲಿಯ ಕೈಯಲ್ಲಿರುವುದು ವಿಪತ್ತು ಪರಿಹಾರದ ನಿಯಮ. ಆ ನಿಯಮದಡಿ ಕೇಂದ್ರ ಅಧಿಸೂಚಿಸಿದ ವಿಪತ್ತುಗಳು ಹನ್ನೆರಡು. ಬರ, ನೆರೆ, ಆಲಿಕಲ್ಲು ಮುಂತಾದವುಗಳ ಜೊತೆಗೆ ಅದರಲ್ಲಿ “ಕೀಟಬಾಧೆ” ಇದೆ. ನೆಟೆ ಬರುವುದು ಕೀಟದಿಂದಲ್ಲ, ಮಣ್ಣಿನಲ್ಲಿರುವ ಶಿಲೀಂಧ್ರದಿಂದ. ಹುಳು ತಿಂದರೆ ಪಟ್ಟಿಯೊಳಗೆ, ಬೂಷ್ಟು ತಿಂದರೆ ಪಟ್ಟಿಯ ಹೊರಗೆ! ಪಟ್ಟಿಯಲ್ಲಿಲ್ಲದ ಸ್ಥಳೀಯ ವಿಪತ್ತಿಗೆ ರಾಜ್ಯಗಳು ತಮ್ಮ ವಿಪತ್ತು ನಿಧಿಯ ಶೇಕಡಾ 10ರಷ್ಟನ್ನು ಮಾತ್ರ ಬಳಸಬಹುದು. ಬೆಳೆ ವಿಮೆಯಲ್ಲಿಯೂ ಒಬ್ಬ ರೈತನ ಹೊಲವನ್ನು ಪ್ರತ್ಯೇಕವಾಗಿ ನೋಡುವುದು ಆಲಿಕಲ್ಲು, ಭೂಕುಸಿತ, ಜಲಾವೃತದಂತಹ ಕೆಲವಕ್ಕೆ. ರೋಗದ ನಷ್ಟವನ್ನು ಇಡೀ ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿಯಿಂದ ಅಳೆಯುತ್ತಾರೆ. ಕಡೆಗೆ ಒಂದೇ ಪ್ರಶ್ನೆ: ಸಸ್ಯರೋಗವನ್ನು ಆ ಹನ್ನೆರಡರ ಪಟ್ಟಿಗೆ ಸೇರಿಸುವ ಪ್ರಸ್ತಾವ ಸರ್ಕಾರದ ಮುಂದಿದೆಯೇ? ನಮ್ಮ ನಾಲ್ಕು ಪುಟದ ಮನವಿಯಲ್ಲಿ ಈ ಪ್ರಶ್ನೆ ಇರಲಿಲ್ಲ. ನಮ್ಮ ಎಂಟು ದಿನದ ಲೆಕ್ಕ ಮೂರು ಸಾಲಾಗಿ ಅದರಲ್ಲಿ ಕುಳಿತಿತ್ತು.

ಲೋಕಸಭೆಯಲ್ಲಿ ದಿನಕ್ಕೆ ಬಾಯಿಮಾತಿನ ಉತ್ತರಕ್ಕೆಂದು 20 ಚುಕ್ಕೆ ಗುರುತಿನ ಪ್ರಶ್ನೆಗಳು, ಲಿಖಿತ ಉತ್ತರಕ್ಕೆಂದು 230 ಚುಕ್ಕೆ ರಹಿತ ಪ್ರಶ್ನೆಗಳು ಪಟ್ಟಿಗೆ ಬರುತ್ತವೆ. ಹದಿನೈದು ದಿನ ಮುಂಚೆ ಸೂಚನೆ ಕೊಡಬೇಕು, ಸರದಿಯನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಅವಳ ಸದಸ್ಯರು ಚಳಿಗಾಲದ ಅಧಿವೇಶನದ ಕೊನೆಯ ವಾರಕ್ಕೆ ಸೂಚನೆ ಕೊಟ್ಟಿದ್ದರು. ಡಿಸೆಂಬರ್ 29ರವರೆಗೆ ನಡೆಯಬೇಕಿದ್ದ ಅಧಿವೇಶನ 23ಕ್ಕೇ ಮುಗಿಯಿತು. ಪ್ರಶ್ನೆ ಬರಲೇ ಇಲ್ಲ. ಅವಳು ಫೋನಿನಲ್ಲಿ ಅತ್ತಳು. ನಾವು ಸಮಾಧಾನ ಹೇಳಲು ಹೋಗಿ, ಒಂಬತ್ತು ಪ್ರತಿ ಕಳಿಸಿಯೂ ಉತ್ತರ ಬಾರದ ನಮ್ಮ ಕಡತಗಳನ್ನು ನೆನಪಿಸಿದೆವು. ಅಳುತ್ತಿದ್ದವಳು ನಕ್ಕಳು. ಮುಂದೆ ರಾಜ್ಯ ಸರ್ಕಾರ ನೆಟೆ ರೋಗಕ್ಕೆ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಿತು. ಅದು ರೈತರ ಹೋರಾಟದಿಂದ ಬಂದದ್ದು. ನಮ್ಮ ಮೊಮ್ಮಗಳ ಟಿಪ್ಪಣಿಯಿಂದ ಬಂದಿತೆಂದು ನಾವು ಎಲ್ಲಿಯೂ ಹೇಳಿಕೊಂಡಿಲ್ಲ, ಊರವರು ಹಾಗೆ ಹೇಳಿದರೆ ತಿದ್ದುತ್ತೇವೆ.

ಒಂದು ಮಾತನ್ನು ನಮ್ಮ ಸಮಾಜದ ಹಿರಿಯರ ಮುಂದೆ ವಿನಯಪೂರ್ವಕವಾಗಿ ಇಡುತ್ತೇವೆ. ಅನುಭವ ಮಂಟಪವೇ ಜಗತ್ತಿನ ಮೊದಲ ಸಂಸತ್ತು ಎಂದು ನಾವು ಪ್ರತಿ ವರ್ಷ ಬಸವ ಜಯಂತಿಯ ವೇದಿಕೆಯ ಮೇಲೆ ಹೇಳುತ್ತೇವೆ. ವೇದಿಕೆ ಇಳಿದು ಸಂಸತ್ ಸದಸ್ಯರು ಎದುರಾದರೆ ಕೇಳುವುದು ಸಮುದಾಯ ಭವನ. ಅವರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ. ಅದರಲ್ಲಿ ನಮ್ಮ ಪಾಲು ಎಷ್ಟೆಂಬುದು ನಮಗೆ ಬಾಯಿಪಾಠ. ಅವರು ಆ ವರ್ಷ ಸದನದಲ್ಲಿ ಏನು ಕೇಳಿದರು ಎಂದು ನಮ್ಮಲ್ಲಿ ಯಾರಾದರೂ ವಿಚಾರಿಸಿದ್ದುಂಟೇ? ನಾವಂತೂ ವಿಚಾರಿಸಿರಲಿಲ್ಲ.

ಮಕ್ಕಳನ್ನು ಕಳಿಸುವ ತಂದೆತಾಯಿಗಳಿಗೆ ಖರ್ಚುವೆಚ್ಚದ ಮಾತೂ ಬೇಕು. ಗೌರವಧನ ಕೊಠಡಿಯ ಬಾಡಿಗೆ ಮತ್ತು ಊಟಕ್ಕೆ ಸರಿಹೋಗುತ್ತದೆ, ಮನೆಗೆ ಕಳಿಸಲು ಉಳಿಯದು. ವರ್ಷ ಮುಗಿದ ಮೇಲೆ ಸರ್ಕಾರಿ ನೌಕರಿ ಇದರಿಂದ ತಾನಾಗಿ ಬರುವುದಿಲ್ಲ. ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷಿನ ಬರವಣಿಗೆ ದೊಡ್ಡ ಅಡ್ಡಿ, ಅದನ್ನು ಪದವಿಯ ಮೊದಲ ವರ್ಷದಿಂದಲೇ ರೂಢಿಸಬೇಕು. ನಮ್ಮವಳು ಈಗ ಬೆಂಗಳೂರಿನಲ್ಲಿ ರಾಜ್ಯ ಬಜೆಟ್ಟಿನ ಲೆಕ್ಕ ಓದುವ ಒಂದು ಕೆಲಸದಲ್ಲಿದ್ದಾಳೆ. ಮದುವೆ ಇನ್ನೂ ಆಗಿಲ್ಲ. ಈ ಸಾಲನ್ನು ಬರೆಯಬೇಡಿರೆಂದು ನಮ್ಮ ಮನೆಯವರು ಹೇಳಿದರು. ಅವಳನ್ನೇ ಕೇಳಿದೆವು, ಬರೆಯಿರಿ, ಅದು ನಿಜವೇ ಅಲ್ಲವೇ ಎಂದಳು.

ಪಂಕ್ತಿಯಲ್ಲಿ ಕೇಳಿದ ಆ ಜೇವರ್ಗಿಯ ತಂದೆಯ ಮಗ ಕಳೆದ ವಾರ ನಮ್ಮ ಮನೆಗೆ ಬಂದಿದ್ದನು. ಅರ್ಜಿಗೆ ಅಭ್ಯಾಸವಾಗಲೆಂದು 2020ರ ಭೀಮಾ ಪ್ರವಾಹದ ಮೇಲೆ ಮೂರು ಪುಟ ಬರೆದು ತಂದಿದ್ದನು. “ರೌದ್ರಾವತಾರ ತಾಳಿದ ಭೀಮೆ” ಎಂದು ಆರಂಭವಾಗಿತ್ತು. ಓದಲು ಚೆನ್ನಾಗಿತ್ತು, ನಮ್ಮ ಕಾಲದಲ್ಲಾದರೆ ಪೂರ್ಣ ಅಂಕ ಕೊಡುತ್ತಿದ್ದೆವು. ನಿಮ್ಮ ಊರಿಗೆ ನೀರು ಹೊಕ್ಕ ತಾರೀಖು ಯಾವುದು, ಅದರ ಹಿಂದಿನ ದಿನ ಮೇಲಿನಿಂದ ಎಷ್ಟು ಕ್ಯೂಸೆಕ್ ಬಿಟ್ಟಿದ್ದರು, ಮುನ್ನೆಚ್ಚರಿಕೆ ಪಂಚಾಯಿತಿಗೆ ಯಾವಾಗ ಮುಟ್ಟಿತು ಎಂದು ಕೇಳಿದೆವು. ತಲೆ ತಗ್ಗಿಸಿದನು. ಚಹಾ ಕುಡಿದು, ಪಂಚಾಯಿತಿಯ ದಾಖಲೆ ನೋಡಿಕೊಂಡು ಅಮಾವಾಸ್ಯೆ ಕಳೆದ ಮೇಲೆ ಬರುತ್ತೇನೆಂದು ಹೇಳಿ ಸಂಜೆಯ ಬಸ್ಸಿಗೆ ಹೋಗಿದ್ದಾನೆ.